ಪುಸ್ತಕ ಕೈಬಿಟ್ಟ ಪಾಠ: ಪಶ್ಚಿಮ ಬೆಂಗಳೂರಿನ ಕೆಮಿಸ್ಟ್ರಿ ಉಪನ್ಯಾಸಕರಿಗೆ ಒಂದು ಬಹಿರಂಗ ಪತ್ರ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯ ಪಿಯು ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಕಲಿಸುತ್ತಿರುವ ಮೇಷ್ಟ್ರುಗಳೇ, ಮೇಡಂಗಳೇ,

2023–24ರಿಂದ ದ್ವಿತೀಯ ಪಿಯುಸಿ ಪಠ್ಯದಲ್ಲಿ ‘ಘನಸ್ಥಿತಿ’ ಪಾಠ ಇಲ್ಲ. ಪುಸ್ತಕದ ಮೊದಲ ಪಾಠವೇ ಅದಾಗಿತ್ತು. ಯೂನಿಟ್ ಸೆಲ್ಲು, ಪ್ಯಾಕಿಂಗ್ ಎಫಿಷಿಯೆನ್ಸಿ, ಷಾಟ್ಕಿ ಡಿಫೆಕ್ಟು ಎಂದು ಬೋರ್ಡಿನ ತುಂಬ ಚೌಕಗಳನ್ನು ಬರೆದು ಸೀಮೆಸುಣ್ಣ ಸವೆಸಿದವರಿಗೆ ಅದು ಹೋದಾಗ ಒಳಗೊಳಗೇ ಸಮಾಧಾನವೂ ಆಗಿರಬೇಕು. ಪ್ರಥಮ ಪಿಯುಸಿಯಿಂದ ಎಸ್ ಬ್ಲಾಕ್, ಪಿ ಬ್ಲಾಕ್‌ಗಳೂ ಹೋದವು. ಹೀಗಾಗಿ ಗ್ರಾಫೈಟಿನೊಳಗೆ ಪರಮಾಣುಗಳು ಹೇಗೆ ಕೂತಿವೆ ಎಂಬುದನ್ನು ನಿಮ್ಮ ವಿದ್ಯಾರ್ಥಿ ಕೇಳಿದ್ದರೆ ಅದು ಎಸ್ಸೆಸ್ಸೆಲ್ಸಿಯಲ್ಲಿ. ಮುಂದೆ ಬಿ.ಎಸ್ಸಿ.ಗೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಿ.ಎಸ್ಸಿ.ಗೆ ಬರುವವರು ಎಷ್ಟು ಮಂದಿ ಎಂಬುದು ನಿಮಗೇ ಗೊತ್ತು.

ಪಾಠವನ್ನು ಪುಸ್ತಕಕ್ಕೆ ವಾಪಸು ಸೇರಿಸಿ ಎಂದು ಕೇಳುವ ಪತ್ರ ಇದಲ್ಲ. ಅದನ್ನು ಕೇಳಬೇಕಾದ ವಿಳಾಸ ಬೇರೆ. ಸಿಲಬಸ್ಸಿನ ಗಡಿ ದಾಟುವ ಅಪಾಯವೂ ನನಗೆ ತಿಳಿದಿದೆ. 2024ರ ಸಿಇಟಿಯಲ್ಲಿ ಕೈಬಿಟ್ಟ ಪಾಠಗಳಿಂದ ಪ್ರಶ್ನೆ ಬಂದು ಎಂಥ ರಾದ್ಧಾಂತವಾಯಿತು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ತೆಗೆಯಬೇಕಾಯಿತು ಎಂಬುದನ್ನು ಯಾವ ಪೋಷಕರೂ ಮರೆತಿಲ್ಲ. ನನ್ನ ಬಿನ್ನಹ ಚಿಕ್ಕದು. ಎಲೆಕ್ಟ್ರೋಕೆಮಿಸ್ಟ್ರಿ ಪಾಠದಲ್ಲಿ ವಾಹಕತೆಯ ವಿಷಯ ಬರುವಾಗ ಸೂಪರ್‌ಕಂಡಕ್ಟರುಗಳ ಬಗ್ಗೆ ಒಂದೆರಡು ವಾಕ್ಯ ಇನ್ನೂ ಉಳಿದಿವೆ: ಮೊದಲು ಕೆಲವು ಲೋಹಗಳು ಮಾತ್ರ, ಅದೂ ಅತಿ ಶೀತದಲ್ಲಿ, ಈಗ ಸೆರಾಮಿಕ್ಕುಗಳೂ ಹಾಗೆ ವರ್ತಿಸುತ್ತವೆ ಎಂಬರ್ಥದ ಮಾತು. ನಾವು ಅದನ್ನು ಒಂದೇ ಉಸಿರಿನಲ್ಲಿ ಓದಿ ಕೋಲ್‌ರಾಷ್ ನಿಯಮಕ್ಕೆ ಹಾರುತ್ತೇವೆ. ಅಲ್ಲಿ ಒಂದು ಪೀರಿಯಡ್ ನಿಲ್ಲಿ. ಇಷ್ಟೇ ನಾನು ಕೇಳುವುದು. ನಿಂತರೆ ಏನು ಹೇಳಬಹುದು ಎಂಬುದನ್ನು ಮುಂದೆ ಬರೆದಿದ್ದೇನೆ. ಬೇಕಾದ್ದನ್ನು ಇಟ್ಟುಕೊಳ್ಳಿ.

ಸೆರಾಮಿಕ್ ಎಂದ ಕೂಡಲೇ ಮಕ್ಕಳ ಕಣ್ಣಿಗೆ ಬರುವುದು ಬಾತ್‌ರೂಮಿನ ಟೈಲ್ಸು. ಟೈಲ್ಸಿನಂಥ ಪದಾರ್ಥದಲ್ಲಿ ಕರೆಂಟು ಅಡೆತಡೆಯಿಲ್ಲದೆ ಹರಿಯುವುದು ಹೇಗೆ ಎಂದು ಒಬ್ಬನಾದರೂ ಕೇಳಬೇಕು. ಕೇಳದಿದ್ದರೆ ನೀವೇ ಕೇಳಿ. ಉತ್ತರ ಇರುವುದು ಪದರಗಳಲ್ಲಿ. ಮದುವೆಮನೆಯ ಚಿರೋಟಿಯಂತೆ ಎಳೆಯೊಳಗೆ ಗಟ್ಟಿ ಹಿಡಿತ, ಎಳೆಗೂ ಎಳೆಗೂ ನಡುವೆ ಸಡಿಲ. ಇಂಥ ರಚನೆಯ ಘನವಸ್ತುಗಳು ನೂರಾರಿವೆ. ಪದರ ಯಾವುದರಿಂದಾಗಿದೆ, ನಡುವಿನ ಜಾಗದಲ್ಲಿ ಏನು ಕೂತಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅವುಗಳ ಗುಣ ಮುಕ್ಕಾಲುಪಾಲು ತಿಳಿದಂತೆ.

ಇದನ್ನು ತೋರಿಸಲು ಲ್ಯಾಬ್ ಬೇಡ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟು ಸಾಕು. ಅಲ್ಲಿಂದ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆವರೆಗೆ ಒಂದೊಂದು ಅಡ್ಡರಸ್ತೆಯಲ್ಲೂ ಲೇಥು, ಟೂಲ್‌ರೂಮು, ಮೋಟಾರು ರೀವೈಂಡಿಂಗ್ ಅಂಗಡಿ ಇವೆ. ರೀವೈಂಡಿಂಗ್ ಮಾಡುವವರ ಮುಂದೆ ಬಿಚ್ಚಿಟ್ಟ ಮಿಕ್ಸಿ ಮೋಟಾರನ್ನು ನೋಡಿ. ತಿರುಗುವ ಕಮ್ಯುಟೇಟರಿಗೆ ಕರೆಂಟು ಕೊಡುವುದು ಕಾರ್ಬನ್ ಬ್ರಷ್ಷು, ಅಂದರೆ ಮುಖ್ಯವಾಗಿ ಗ್ರಾಫೈಟ್. ಕಮ್ಯುಟೇಟರಿನ ತಾಮ್ರದ ಪಟ್ಟಿಗಳ ನಡುವೆ ಕರೆಂಟು ದಾಟದಂತೆ ತಡೆಯುವುದು ಮೈಕಾ, ನಮ್ಮ ಕಾಗೆಬಂಗಾರ. ಒಂದೇ ಮೋಟಾರಿನೊಳಗೆ ಎರಡು ಪದರದ ವಸ್ತುಗಳು: ಒಂದು ಕರೆಂಟು ಹರಿಸುತ್ತದೆ, ಇನ್ನೊಂದು ತಡೆಯುತ್ತದೆ. ಗ್ರಾಫೈಟಿನಲ್ಲಿ ಪ್ರತಿ ಕಾರ್ಬನ್ನು ಮೂರು ಬಂಧಗಳಲ್ಲೇ ತೃಪ್ತಿಪಟ್ಟು, ನಾಲ್ಕನೆಯ ಎಲೆಕ್ಟ್ರಾನನ್ನು ಇಡೀ ಪದರಕ್ಕೆ ಬಿಟ್ಟುಕೊಟ್ಟಿದೆ. ಪದರದೊಳಗೆ ಕಾರ್ಬನ್ನುಗಳ ನಡುವಿನ ದೂರ 1.42 ಆಂಗ್‌ಸ್ಟ್ರಾಂ, ಪದರದಿಂದ ಪದರಕ್ಕೆ 3.35. ಆದ್ದರಿಂದಲೇ ಪದರದ ಉದ್ದಕ್ಕೆ ಕರೆಂಟು ಸಲೀಸು. ಪದರಕ್ಕೆ ಅಡ್ಡಲಾಗಿ ಹೋಗಬೇಕಾದರೆ ತಡೆ ನೂರಾರು ಪಟ್ಟು ಹೆಚ್ಚು. ಮೈಕಾದಲ್ಲಿ ಹಾಗೆ ಬಿಡುಬೀಸಾದ ಎಲೆಕ್ಟ್ರಾನು ಒಂದೂ ಇಲ್ಲ.

ಇನ್ನು ಗ್ಯಾರೇಜು. ಕಾರಿನ ಸಿವಿ ಜಾಯಿಂಟಿಗೆ ತುಂಬುವ ಕಪ್ಪು ಗ್ರೀಸನ್ನು ಮೆಕ್ಯಾನಿಕ್ಕುಗಳು ಮೋಲಿ ಗ್ರೀಸ್ ಎನ್ನುತ್ತಾರೆ. ಅದರೊಳಗಿನ ಕಪ್ಪುಪುಡಿ ಮಾಲಿಬ್ಡಿನಂ ಡೈಸಲ್ಫೈಡ್. ಎರಡು ಗಂಧಕದ ಪದರಗಳ ನಡುವೆ ಸಿಕ್ಕಿಕೊಂಡ ಮಾಲಿಬ್ಡಿನಂ ಪದರ. ಇಂಥ ಮೂರರ ಕಟ್ಟು ಇನ್ನೊಂದರ ಮೇಲೆ ಜಾರುತ್ತದೆ. ಗ್ರಾಫೈಟೂ ಜಾರುತ್ತದೆ ಎಂದು ನಾವೆಲ್ಲ ಕಲಿಸಿದ್ದೇವೆ. ಆದರೆ ಅದು ಹಾಗೆ ಜಾರಲು ಗಾಳಿಯಲ್ಲಿನ ತೇವ ಬೇಕು ಎಂಬುದನ್ನು ಕಲಿಸಿದವರು ಕಡಿಮೆ. ಎರಡನೆಯ ಮಹಾಯುದ್ಧದಲ್ಲಿ ಬಹು ಎತ್ತರಕ್ಕೆ ಏರಿದ ವಿಮಾನಗಳ ಕಾರ್ಬನ್ ಬ್ರಷ್ಷುಗಳು ಒಣಗಾಳಿಯಲ್ಲಿ ಪುಡಿಪುಡಿಯಾಗಿ ಸವೆದುಹೋದಾಗ ಇದು ಬಯಲಾಯಿತು. ಮೋಲಿಗೆ ಆ ಹಂಗಿಲ್ಲ, ನಿರ್ವಾತದಲ್ಲಿ ಇನ್ನೂ ಚೆನ್ನಾಗಿ ಜಾರುತ್ತದೆ. ಅದಕ್ಕೇ ಬಾಹ್ಯಾಕಾಶ ನೌಕೆಗಳ ಚಲಿಸುವ ಭಾಗಗಳಿಗೆ ಅದರ ಲೇಪ. 1975ರಲ್ಲಿ ಹಾರಿದ ‘ಆರ್ಯಭಟ’ ಉಪಗ್ರಹ ರೂಪುಗೊಂಡದ್ದು ನಮ್ಮ ಪಕ್ಕದ ಪೀಣ್ಯದ ಶೆಡ್ಡುಗಳಲ್ಲಿ ಎಂದು ಈ ನೆಪದಲ್ಲಿ ಮಕ್ಕಳಿಗೆ ಹೇಳಬಹುದು. ಎಷ್ಟೋ ಮಕ್ಕಳಿಗೆ ಪೀಣ್ಯ ಎಂದರೆ ಫ್ಲೈಓವರ್ ಅಷ್ಟೇ.

ಜೇಬಿನಲ್ಲಿರುವ ಮೊಬೈಲಿನ ಬ್ಯಾಟರಿಯನ್ನೂ ಬಿಡಬೇಡಿ, ಹೇಗೂ ಅದು ಎಲೆಕ್ಟ್ರೋಕೆಮಿಸ್ಟ್ರಿಯೇ. ಒಂದು ತುದಿಯಲ್ಲಿ ಗ್ರಾಫೈಟ್ ಪದರಗಳು, ಇನ್ನೊಂದು ತುದಿಯಲ್ಲಿ ಕೋಬಾಲ್ಟ್ ಆಕ್ಸೈಡಿನ ಪದರಗಳು. ಚಾರ್ಜಿಗೆ ಹಾಕಿದಾಗ ಲಿಥಿಯಂ ಅಯಾನುಗಳು ಕೋಬಾಲ್ಟಿನ ಪದರಗಳ ನಡುವಿನಿಂದ ಎದ್ದು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ, ಬಳಸುವಾಗ ವಾಪಸು ಬರುತ್ತವೆ. ಜಾನ್ ಗುಡ್‌ಇನಫ್ 1980ರಲ್ಲಿ ತೋರಿಸಿದ್ದು ಕೋಬಾಲ್ಟ್ ಆಕ್ಸೈಡಿನ ಪದರಗಳಲ್ಲಿ ನಡೆಯುವ ಈ ಹೋಗಿಬರುವಿಕೆಯನ್ನೇ. ನೊಬೆಲ್ ಬಂದದ್ದು 2019ರಲ್ಲಿ, ಅವರಿಗೆ 97 ವರ್ಷವಾದಾಗ.

ನನಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ ಮಾತ್ರ ಊರ ಹೊರಗಿದೆ. ನೀವು ಬಸ್ಸು ಮಾಡಿ ಮಕ್ಕಳನ್ನು ಬೇಲೂರು–ಹಳೇಬೀಡಿಗೆ ಕರೆದೊಯ್ಯುತ್ತೀರಿ. 1117ರಲ್ಲಿ ಪ್ರತಿಷ್ಠಾಪನೆಯಾದ ಚೆನ್ನಕೇಶವನ ಗುಡಿಯ ಮದನಿಕೆಯರ ಕೊರಳಿನ ಸರವನ್ನು ಅಷ್ಟು ನವಿರಾಗಿ ಕೊರೆಯಲು ಸಾಧ್ಯವಾದದ್ದು ಶಿಲ್ಪಿಯ ಕೈಯಿಂದ ನಿಜ, ಬಳಪದ ಕಲ್ಲಿನ ಗುಣದಿಂದಲೂ ನಿಜ. ಆ ಕಲ್ಲಿನಲ್ಲಿ ಟಾಲ್ಕ್, ಕ್ಲೋರೈಟ್‌ನಂಥ ಪದರದ ಸಿಲಿಕೇಟುಗಳು ತುಂಬಿವೆ. ಟಾಲ್ಕಿನ ಪದರಕ್ಕೆ ವಿದ್ಯುದಂಶವೇ ಇಲ್ಲ. ಆದ್ದರಿಂದ ಪದರಗಳನ್ನು ಹಿಡಿದಿಡಲು ನಡುವೆ ಅಯಾನು ಬೇಕಿಲ್ಲ, ಉಗುರಿನಿಂದ ಕೆರೆದರೂ ಪುಡಿ ಬರುವಷ್ಟು ಮೆದು. ಅದೇ ಬಗೆಯ ಪದರದಲ್ಲಿ ಕೆಲವು ಸಿಲಿಕಾನಿನ ಜಾಗಕ್ಕೆ ಅಲ್ಯೂಮಿನಿಯಂ ಬಂದು ಕೂತರೆ ಪದರಕ್ಕೆ ಋಣ ವಿದ್ಯುದಂಶ ಬರುತ್ತದೆ. ಅದನ್ನು ಸರಿದೂಗಿಸಲು ಪೊಟ್ಯಾಸಿಯಂ ಅಯಾನು ಪದರಗಳ ನಡುವೆ ಬಂದು ಎರಡೂ ಕಡೆಯನ್ನು ಹಿಡಿದುಕೊಳ್ಳುತ್ತದೆ. ಆಗ ಸಿಗುವುದೇ ಮೈಕಾ: ಹಾಳೆಹಾಳೆಯಾಗಿ ಬಿಡಿಸಬಹುದು, ಆದರೆ ಟಾಲ್ಕಿನಂತೆ ಬೆರಳಿಗೆ ಜಾರುವುದಿಲ್ಲ.

ವಿದ್ಯುದಂಶ ಇವೆರಡರ ನಡುವೆ ಇದ್ದರೆ? ವಿಜಯನಗರದ ಪಿ.ಜಿ.ಗಳಲ್ಲಿ, ಹಾಸ್ಟೆಲುಗಳಲ್ಲಿ ಗದಗ, ವಿಜಯಪುರ, ಧಾರವಾಡ ಕಡೆಯ ಹುಡುಗರಿದ್ದಾರಲ್ಲ, ಅವರನ್ನು ಕೇಳಿ. ಮಳೆಗೆ ಉಬ್ಬಿ, ಬೇಸಿಗೆಗೆ ಕಾಲು ಸಿಕ್ಕುವಷ್ಟು ಬಿರುಕು ಬಿಡುವ ಎರೆಮಣ್ಣು ಅವರ ಹೊಲದಲ್ಲಿದೆ. ಅದರಲ್ಲಿನ ಜೇಡಿಯ ಪದರಗಳಿಗೆ ವಿದ್ಯುದಂಶ ಅಲ್ಪ, ನಡುವಿನ ಅಯಾನುಗಳ ಹಿಡಿತ ಸಡಿಲ. ಹಾಗಾಗಿ ನೀರು ಪದರಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ. ಬೆಂಗಳೂರಿನ ಕೆಮ್ಮಣ್ಣಿನಲ್ಲಿ ಹೆಚ್ಚಾಗಿರುವುದು ಕೇಯೊಲಿನೈಟ್. ಅದರ ಪದರಗಳು ಹೈಡ್ರೋಜನ್ ಬಂಧದಿಂದ ಕೈಹಿಡಿದುಕೊಂಡಿರುವುದರಿಂದ ನೀರಿಗೆ ಒಳಗೆ ದಾರಿಯಿಲ್ಲ. ಮನೆಯ ತಳಪಾಯಕ್ಕೆ ಇಲ್ಲಿ ಒಂದು ಲೆಕ್ಕ, ಗದಗಿನಲ್ಲಿ ಇನ್ನೊಂದು ಲೆಕ್ಕ ಆಗುವುದು ಇದರಿಂದಲೂ. ಒಂದೇ ಬಗೆಯ ಹಾಳೆಗಳಿಂದ ಶಿಲ್ಪ, ಇಸ್ತ್ರಿಪೆಟ್ಟಿಗೆಯ ಎಲಿಮೆಂಟಿನ ಮೈಕಾ, ಜೋಳದ ಹೊಲ ಮೂರೂ ಆಗುತ್ತವೆ. ಇದನ್ನು ಕಲಿಸದೆ ಪ್ಯಾಕಿಂಗ್ ಎಫಿಷಿಯೆನ್ಸಿಯ ಶೇಕಡಾವಾರು ಬಾಯಿಪಾಠ ಮಾಡಿಸಿದ್ದೆವು. ಪಾಠ ಹೋದಾಗ ಮಕ್ಕಳು ಮರುಗದಿದ್ದರೆ ಅವರ ತಪ್ಪಲ್ಲ.

ಈಗ ಸೂಪರ್‌ಕಂಡಕ್ಟರಿಗೆ ಬರೋಣ. 1911ರಲ್ಲಿ ಕಾಮರ್ಲಿಂಗ್ ಓನ್ಸ್ ಪಾದರಸವನ್ನು 4.2 ಕೆಲ್ವಿನ್‌ವರೆಗೆ ತಣಿಸಿದಾಗ ಅದರ ವಿದ್ಯುತ್ ತಡೆ ಏಕಾಏಕಿ ಮಾಯವಾಯಿತು. ಅಲ್ಲಿಂದ 1973ರವರೆಗೆ ಲೋಹ, ಮಿಶ್ರಲೋಹಗಳನ್ನೆಲ್ಲ ಜಾಲಾಡಿ ಮುಟ್ಟಿದ್ದು ಸುಮಾರು 23 ಕೆಲ್ವಿನ್. ದುಬಾರಿ ದ್ರವ ಹೀಲಿಯಂ ಇಲ್ಲದೆ ಕೆಲಸ ನಡೆಯುವಂತಿರಲಿಲ್ಲ. 1986ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದ ಬೆಡ್ನೋರ್ಟ್ಸ್ ಮತ್ತು ಮ್ಯೂಲರ್ ಲ್ಯಾಂಥನಂ, ಬೇರಿಯಂ, ತಾಮ್ರ ಸೇರಿದ ಆಕ್ಸೈಡಿನಲ್ಲಿ 30 ಕೆಲ್ವಿನ್ ದಾಟಿದರು. ಮರುವರ್ಷವೇ ಅವರಿಗೆ ನೊಬೆಲ್. ಆ ಆಕ್ಸೈಡಿನಲ್ಲಿ ತಾಮ್ರ–ಆಮ್ಲಜನಕದ ಚೌಕುಳಿ ಹಾಳೆಗಳಿವೆ, ಅವುಗಳ ನಡುವೆ ಲ್ಯಾಂಥನಂ ಆಕ್ಸೈಡಿನ ಪದರಗಳು. ಸ್ಫಟಿಕಶಾಸ್ತ್ರದವರು ಅದನ್ನು ಪೊಟ್ಯಾಸಿಯಂ ನಿಕಲ್ ಫ್ಲೋರೈಡ್ ರಚನೆ ಎಂದು ಗುರುತಿಸುತ್ತಾರೆ.

ಇಲ್ಲಿ ಸ್ವಲ್ಪ ನಿಧಾನಿಸಿ. ಇದೇ ರಚನೆಯ ಆಕ್ಸೈಡುಗಳ ವಿದ್ಯುತ್ ಮತ್ತು ಕಾಂತ ಗುಣಗಳನ್ನು 1970ರ ದಶಕದಿಂದ ಅಳೆಯುತ್ತಿದ್ದವರಲ್ಲಿ ಸಿ.ಎನ್.ಆರ್. ರಾವ್ ಮತ್ತು ಪಿ. ಗಂಗೂಲಿ ಪ್ರಮುಖರು. ಮೊದಲು ಕಾನ್ಪುರದ ಐಐಟಿಯಲ್ಲಿ, 1976ರ ನಂತರ ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ. ರಾಯರು ಬಸವನಗುಡಿಯಲ್ಲಿ ಹುಟ್ಟಿ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು, ನಮ್ಮವರೇ. ಜ್ಯೂರಿಕ್ಕಿನ ಸುದ್ದಿ ಬರುವ ಎರಡು ವರ್ಷ ಮೊದಲು, 1984ರಲ್ಲಿ, ಇವರಿಬ್ಬರೂ ಈ ರಚನೆಯ ಪದರದ ಆಕ್ಸೈಡುಗಳ ಬಗ್ಗೆ ದೊಡ್ಡ ಸಮೀಕ್ಷಾ ಲೇಖನವನ್ನೇ ಪ್ರಕಟಿಸಿದ್ದರು. ಶುದ್ಧ ಲ್ಯಾಂಥನಂ ತಾಮ್ರ ಆಕ್ಸೈಡು ಅವಾಹಕ. ಲ್ಯಾಂಥನಂ ಬಿಟ್ಟುಕೊಡುವುದು ಮೂರು ಎಲೆಕ್ಟ್ರಾನು, ಬೇರಿಯಂ ಎರಡು. ಒಂದಿಷ್ಟು ಲ್ಯಾಂಥನಂ ಜಾಗಕ್ಕೆ ಬೇರಿಯಂ ಬಂದರೆ ತಾಮ್ರದ ಹಾಳೆಯಲ್ಲಿ ಎಲೆಕ್ಟ್ರಾನುಗಳ ಕೊರತೆ ಬೀಳುತ್ತದೆ. ಆ ಕೊರತೆಯೇ ಕರೆಂಟು ಹರಿಯಲು ಎಡೆ ಮಾಡುತ್ತದೆ. ಪಕ್ಕದ ಪದರದಲ್ಲಿ ಬದಲಾವಣೆ, ಹಾಳೆಯಲ್ಲಿ ಪರಿಣಾಮ.

1987ರ ಆರಂಭದಲ್ಲಿ ಅಮೆರಿಕದಲ್ಲಿ ಇಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡಿನಲ್ಲಿ 93 ಕೆಲ್ವಿನ್ ಸಿಕ್ಕಿತು. ಆದರೆ ಅವರ ಕೈಯಲ್ಲಿದ್ದುದು ಬೆರಕೆ ಮಾದರಿ. ಅದರಲ್ಲಿ ಯಾವ ಸಂಯುಕ್ತ ಈ ಕೆಲಸ ಮಾಡುತ್ತಿದೆ ಎಂಬುದು ಪ್ರಶ್ನೆಯಾಗಿತ್ತು. ಅದನ್ನು ಗುರುತಿಸಲು ಜಗತ್ತಿನ ಹಲವು ಗುಂಪುಗಳು ಏಕಕಾಲಕ್ಕೆ ಮುಗಿಬಿದ್ದವು. ರಾವ್, ಗಂಗೂಲಿ ಮತ್ತು ಸಂಗಡಿಗರ ಉತ್ತರ ಅದೇ ವರ್ಷ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಒಂದು ಇಟ್ರಿಯಂಗೆ ಎರಡು ಬೇರಿಯಂ, ಮೂರು ತಾಮ್ರ, ಸುಮಾರು ಏಳು ಆಮ್ಲಜನಕ. ಆ ಏಳು ಆರಕ್ಕೆ ಇಳಿದರೆ ಅದೇ ವಸ್ತು ಅವಾಹಕವಾಗುತ್ತದೆ. ಅದಕ್ಕೇ ಸುಮಾರು 900ರಿಂದ 950 ಡಿಗ್ರಿಯಲ್ಲಿ ಸುಟ್ಟ ಬಿಲ್ಲೆಯನ್ನು ಆಮ್ಲಜನಕದ ನಡುವೆ ಸಾವಕಾಶವಾಗಿ ತಣಿಸಬೇಕು.

93 ಕೆಲ್ವಿನ್ ಏಕೆ ಅಷ್ಟು ದೊಡ್ಡ ಸುದ್ದಿ ಎಂದರೆ ದ್ರವ ಸಾರಜನಕ 77 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 196 ಡಿಗ್ರಿಯಲ್ಲಿ ಕುದಿಯುತ್ತದೆ. ಹೀಲಿಯಂನ ಹಂಗು ತಪ್ಪಿತು. ದ್ರವ ಸಾರಜನಕ ಅಪರೂಪದ ವಸ್ತುವೂ ಅಲ್ಲ. ಹೆಸರಘಟ್ಟದ ವೀರ್ಯ ಸಂಗ್ರಹ ಕೇಂದ್ರದಿಂದ ಹಳ್ಳಿಯ ದನದ ಆಸ್ಪತ್ರೆಯವರೆಗೆ, ಹಸುಗಳ ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯ ನಳಿಕೆಗಳು ಮುಳುಗಿರುವುದು ಅದರಲ್ಲೇ. ಹಾಲಿನ ಡೇರಿ ಇರುವ ಊರಿನಿಂದ ಬಂದ ಮಗು ಆ ಕ್ಯಾನನ್ನು ನೋಡಿಯೇ ಇರುತ್ತದೆ.

ಹಾಗಾದರೆ ನಮ್ಮ ವಿಜಯನಗರದ ಸ್ಕ್ಯಾನಿಂಗ್ ಸೆಂಟರಿನ ಎಂಆರ್‌ಐ ಯಂತ್ರದಲ್ಲಿ ಈ ಸೆರಾಮಿಕ್ ಇದೆಯೇ ಎಂದು ಜಾಣ ಹುಡುಗಿ ಕೇಳುತ್ತಾಳೆ. ಇಲ್ಲ. ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ದ್ರವ ಹೀಲಿಯಂನ ಶೀತದಲ್ಲಿಟ್ಟ ನಯೋಬಿಯಂ–ಟೈಟಾನಿಯಂ ತಂತಿಯ ಸುರುಳಿ. ಅದು ಲೋಹ, ಬಗ್ಗುತ್ತದೆ, ತಂತಿಯಾಗುತ್ತದೆ. ಸೆರಾಮಿಕ್ ಬಗ್ಗಿಸಿದರೆ ಮುರಿಯುತ್ತದೆ. ಅದಕ್ಕಿಂತ ದೊಡ್ಡ ತೊಡಕೂ ಪದರದ್ದೇ. ಬಿಲ್ಲೆಯೊಳಗಿನ ಕೋಟ್ಯಂತರ ಹರಳುಗಳ ಪದರಗಳು ಒಂದೊಂದು ದಿಕ್ಕಿಗೆ ತಿರುಗಿರುತ್ತವೆ. ಒಂದು ಹರಳಿನಿಂದ ಇನ್ನೊಂದಕ್ಕೆ ದಾಟುವಲ್ಲಿ ಕರೆಂಟು ಸೊರಗುತ್ತದೆ. ಎಲ್ಲ ಹರಳುಗಳ ಪದರಗಳನ್ನೂ ಒಂದೇ ಸಾಲಿಗೆ ತಂದು ಲೋಹದ ಪಟ್ಟಿಯ ಮೇಲೆ ತೆಳುವಾಗಿ ಬೆಳೆಸುವ ವಿದ್ಯೆ ಕೈಗೆ ಹತ್ತಲು ದಶಕಗಳೇ ಬೇಕಾದವು. ಇಂದು ಅಂಥ ಟೇಪು ಸಿಗುತ್ತದೆ, ಬೆಲೆ ಜಾಸ್ತಿ. ಇನ್ನು ತಾಮ್ರದ ಹಾಳೆಗಳಲ್ಲಿ ಎಲೆಕ್ಟ್ರಾನುಗಳು ತಡೆಯಿಲ್ಲದೆ ಹರಿಯಲು ಜೋಡಿಯಾಗುವುದು ಏಕೆ ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಸುಮಾರು ನಾಲ್ಕು ದಶಕಗಳಾದರೂ ಸಿಕ್ಕಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆಯೂ ವಿಜ್ಞಾನದಲ್ಲಿದೆ ಎಂದು ಹದಿನೇಳರ ಮಕ್ಕಳಿಗೆ ನಾಲ್ಕು ಆಯ್ಕೆಗಳಿಲ್ಲದೆ ಒಮ್ಮೆ ಹೇಳಿ ನೋಡಿ.

2023ಕ್ಕೆ ಮತ್ತೆ ಬರುತ್ತೇನೆ. ಪಾಠ ಪುಸ್ತಕದಿಂದ ಹೋದ ವರ್ಷದ ಜುಲೈ. ಕೊರಿಯಾದವರು ಎಲ್‌ಕೆ–99 ಎಂಬ ವಸ್ತು ಕೋಣೆಯ ಉಷ್ಣತೆಯಲ್ಲೇ ಸೂಪರ್‌ಕಂಡಕ್ಟರ್ ಎಂದು ಸಾರಿದರು. ತೇಲುವ ಕಪ್ಪುಚೂರಿನ ವಿಡಿಯೋ ಮಕ್ಕಳ ಮೊಬೈಲಿಗೆಲ್ಲ ಬಂತು. ಕೆಲವೇ ವಾರಗಳಲ್ಲಿ ಗಾಳಿ ಇಳಿಯಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರು ಮಾಡಿದ ಮಾದರಿಯಲ್ಲೂ ಏನೂ ಕಾಣಲಿಲ್ಲ. ತಡೆ ಕುಸಿದಂತೆ ತೋರಿದ್ದು ಬೆರಕೆಯಾಗಿದ್ದ ತಾಮ್ರದ ಸಲ್ಫೈಡಿನಿಂದ ಎಂದು ಗೊತ್ತಾಯಿತು. ಅದೇ ಜುಲೈಯಲ್ಲಿ ಚೀನಾದ ಗುಂಪೊಂದು ‘ನೇಚರ್’ನಲ್ಲಿ ಬರೆದದ್ದು ಯಾರ ರೀಲ್ಸಿನಲ್ಲೂ ಬರಲಿಲ್ಲ. ಎರಡೆರಡು ನಿಕಲ್ ಹಾಳೆಗಳು ಜೊತೆಗೂಡಿದ ಲ್ಯಾಂಥನಂ ನಿಕಲ್ ಆಕ್ಸೈಡು, ವಾಯುಮಂಡಲದ ಒತ್ತಡದ ಸುಮಾರು 1.4 ಲಕ್ಷ ಪಟ್ಟು ಒತ್ತಡಕ್ಕೆ ಸಿಕ್ಕಾಗ, 80 ಕೆಲ್ವಿನ್ ಆಸುಪಾಸಿನಲ್ಲಿ ಸೂಪರ್‌ಕಂಡಕ್ಟರ್ ಆಗುತ್ತದೆ ಎಂದು. ಈ ಆಕ್ಸೈಡೂ ಅದರ ಒಡಹುಟ್ಟುಗಳೂ ಪದರದ ಸಂಖ್ಯೆ ಹೆಚ್ಚಿದಂತೆ ಹೇಗೆ ಗುಣ ಬದಲಿಸುತ್ತವೆ ಎಂದು ಅಳೆದು 1986ರಲ್ಲಿ ಪ್ರಕಟಿಸಿದ್ದು ರಾಯರ ಬೆಂಗಳೂರಿನ ಗುಂಪೇ. ಇಂಥ ಸಂಯುಕ್ತಗಳಿಗೆ ಮರುಜೀವ ಬಂದ ವರ್ಷದಲ್ಲೇ ನಮ್ಮ ಮಕ್ಕಳ ಪುಸ್ತಕದಿಂದ ಘನಸ್ಥಿತಿ ಹೊರಬಿತ್ತು. ಎಲ್‌ಕೆ–99ಕ್ಕೂ ಇದಕ್ಕೂ ಇರುವ ಅಂತರವನ್ನು ಮಕ್ಕಳು ತಾವೇ ಗುರುತಿಸಬೇಕಾದರೆ ಅವರಿಗೆ ರಚನೆಯನ್ನು ನೋಡುವ ಕಣ್ಣು ಬೇಕು. ಆ ಕಣ್ಣು ಬಾರದಿದ್ದರೆ ಅವರಿಗೆ ಎರಡೂ ಒಂದೇ, ಮೊಬೈಲಿನಲ್ಲಿ ಬಂದದ್ದೇ ನಿಜ.

ಟೈಮ್‌ಟೇಬಲ್ಲಿನ ಕಷ್ಟ ನನಗೆ ಗೊತ್ತು. ಬೆಳಿಗ್ಗೆ ಕೋಚಿಂಗು, ಸಂಜೆ ಟೆಸ್ಟು, ನಡುವೆ ಪೋರ್ಷನ್ ಮುಗಿಸಿದ್ದೀರಾ ಎಂಬ ಆಫೀಸಿನ ಕೇಳಿಕೆ. ಆದರೂ ಎಲೆಕ್ಟ್ರೋಕೆಮಿಸ್ಟ್ರಿ ವಾರದಲ್ಲಿ ಒಂದು ಶನಿವಾರ ಸಿಗಬಹುದು. ರಾಜಾಜಿನಗರದವರು ಮಕ್ಕಳನ್ನು ನಡೆಸಿಕೊಂಡೇ ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೋಗಬಹುದು. ಸರ್ಕಾರಿ ಟೂಲ್‌ರೂಮ್ ತರಬೇತಿ ಕೇಂದ್ರವೂ ಅಲ್ಲೇ ಇದೆ, ಮೊದಲೇ ಪತ್ರ ಬರೆದು ಕೇಳಿಕೊಳ್ಳಿ. ಕೆಂಗೇರಿಯವರಿಗೆ 2021ರಿಂದ ಮೆಟ್ರೋ ಇದೆ, ದೂರ ಎನ್ನುವ ಹಾಗಿಲ್ಲ. ಟಾಟಾ ಇನ್‌ಸ್ಟಿಟ್ಯೂಟು ವರ್ಷಕ್ಕೊಮ್ಮೆ ‘ಓಪನ್ ಡೇ’ ದಿನ ಎಲ್ಲರಿಗೂ ಬಾಗಿಲು ತೆರೆಯುತ್ತದೆ. ಆ ದಿನ ಟೆಸ್ಟ್ ಇಡಬೇಡಿ ಎಂದು ಪ್ರಿನ್ಸಿಪಾಲರಿಗೆ ಹೇಳುವ ಧೈರ್ಯ ನಿಮ್ಮಲ್ಲಿ ಹಿರಿಯರಾದವರಿಗೆ ಬರಲಿ. ಬೇಲೂರಿನ ಬಸ್ಸಿಗೆ ಇತಿಹಾಸದ ಮೇಡಂ ಜೊತೆ ನೀವೂ ಒಬ್ಬರು ಹತ್ತಿ, ಜೇಬಿನಲ್ಲಿ ಒಂದು ಬಳಪದ ಚೂರು, ಒಂದು ಮೈಕಾ ಹಾಳೆ ಇಟ್ಟುಕೊಂಡು. ಪರೀಕ್ಷೆಗೆ ಬರುತ್ತಾ ಸಾರ್ ಎಂದು ಮಕ್ಕಳು ಕೇಳಿದರೆ ಬರುವುದಿಲ್ಲ ಎಂದು ನೇರವಾಗಿ ಹೇಳಿ, ಪಾಠ ಮುಂದುವರಿಸಿ.

ಇಂತಿ,
ನಿಮ್ಮ ಹಳೆಯ ಸಹೋದ್ಯೋಗಿ
ಬಸವೇಶ್ವರನಗರ